ಬುಡದ ಬಣ್ಣ

ಕಾಡಿಗೆ ಎಂಬ ಬೆಕ್ಕು ಹಾಕಿದ ಮೂರು ಮರಿಗಳೂ ಬೂದಿ ಬಣ್ಣದವು. ವನಜಾಕ್ಷಿ ಒಂದೊಂದನ್ನೇ ಟವೆಲ್ಲಿನಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಒದ್ದೆ ಆರಿದಂತೆಲ್ಲ ಬಣ್ಣ ಇನ್ನಷ್ಟು ಬಿಳಿಚಿಕೊಂಡಿತೇ ಹೊರತು ಕಪ್ಪಾಗಲಿಲ್ಲ. ತಾಯಿ ಕಾಡಿಗೆ ಹೆಸರಿಗೆ ತಕ್ಕ ಹಾಗೆ ಅಪ್ಪಟ ಕರಿ ಪರ್ಷಿಯನ್ ಬೆಕ್ಕು. ಕ್ರಾಸಿಗೆಂದು ಕಳಿಸಿದ್ದು ತುಮಕೂರಿನ ಮೆಹರ್ ಬಾನು ಮನೆಗೆ. ಅಲ್ಲಿನ ಗಂಡು ಸಿಕಂದರ್ ಕೂಡ ಕಪ್ಪು. ಎರಡಕ್ಕೂ ಅಜ್ಜ ಅಜ್ಜಿಯ ತನಕ ತಳಿಯ ಕಾಗದವಿತ್ತು. ಹಾಗಿದ್ದ ಮೇಲೆ ಒಲೆಯೊಳಗೆ ಹೊರಳಿ ಬಂದಂಥ ಇವು ಯಾರವು?

ಮರಿಗಳ ಫೋಟೊ ಬೆಕ್ಕು ಸಾಕುವವರ ವಾಟ್ಸಾಪ್ ಗ್ರೂಪಿಗೆ ಹೋಯಿತು. ಒಂದು ಕರಿ ಮರಿ ತನಗೇ ಬೇಕೆಂದು ತಿಂಗಳಿಂದ ದುಂಬಾಲು ಬಿದ್ದಿದ್ದ ಕುಣಿಗಲ್ಲಿನ ಕೋಮಲಾ ತಕ್ಷಣ ಬರೆದಳು: “ಅಯ್ಯೋ ವನಜಕ್ಕ, ಇಂಥವು ನಮ್ ಬಸ್ ಸ್ಟ್ಯಾಂಡ್ ತಾವ ಬೇಕಾದಷ್ಟವೆ!” ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. ವನಜಾಕ್ಷಿಯ ಕಿವಿ ಕಾದವು. ಗುಬ್ಬಿಯ ತನ್ನ ಮನೆಯಲ್ಲಿ ಕಾಡಿಗೆ ಹೊಸ್ತಿಲು ದಾಟಿದ್ದಿಲ್ಲ. ಹೊರಗೆ ಇದ್ದದ್ದು ಮೆಹರಕ್ಕನ ಮನೆಯಲ್ಲಿ, ನಾಲ್ಕೇ ದಿನ. ಯೋಚನೆ ಮಾಡುವ ಮೊದಲೇ ಹೆಬ್ಬೆರಳು ಮೈಕನ್ನು ಒತ್ತಿತ್ತು. “ಮೆಹರಕ್ಕ, ಕಿಟಕಿ ತೆಗೆದಿಟ್ಟು ಯಾವ್ ಬೀದಿ ಗಂಡನ್ನ ಒಳಕ್ ಬಿಟ್ಕೊಂಡ್ರಿ? ನಂಬಿ ಕಳ್ಸಿದ್ದಕ್ಕೆ ಒಳ್ಳೆ ಮರ್ಯಾದೆ ಮಾಡಿದ್ರಿ.” ಅರವತ್ತು ಜನ ಕೇಳಿದರು.

ಹತ್ತು ನಿಮಿಷಕ್ಕೆ ಫೋನ್ ಬಂತು.

“ವನಜಾ, ನಾಲ್ಕು ದಿನವೂ ಆ ರೂಮಿನ ಕಿಟಕಿ ತೆಗೆದಿಲ್ಲ ಕಣೆ. ನನ್ ಮಾತು ನಂಬು.”

“ಮರಿ ಕಣ್ಮುಂದೇ ಅವೆ ಅಕ್ಕ. ಮಾತ್ಯಾಕೆ?”

“ಆಯ್ತು ಬಿಡು” ಎಂದು ಮೆಹರ್ ಬಾನು ಫೋನ್ ಇಟ್ಟಳು. ಸಂಜೆಯ ಹೊತ್ತಿಗೆ ಅವಳು ಗ್ರೂಪಿನಿಂದಲೂ ಹೊರಬಿದ್ದಿದ್ದಳು. ಹನ್ನೊಂದು ವರ್ಷದ ಒಡನಾಟ ಅಲ್ಲಿಗೆ ನಿಂತಿತು.

ಎಂಟು ವಾರ ಕಳೆದು ಮರಿಗಳಿಗೆ ಮೊದಲ ಇಂಜೆಕ್ಷನ್ ಹಾಕಿಸಲು ಹೋದಾಗ ಡಾಕ್ಟರ್ ಅಂಜನ್‌ಕುಮಾರ್ ಸಿರಿಂಜನ್ನು ಪಕ್ಕಕ್ಕಿಟ್ಟು ಒಂದು ಮರಿಯ ಬೆನ್ನ ಮೇಲೆ ಉಫ್ ಎಂದು ಊದಿದರು. ಬೂದಿ ಕೂದಲು ಎರಡು ಭಾಗವಾಯಿತು. ಚರ್ಮಕ್ಕಂಟಿದಂತೆ, ಬುಡದಲ್ಲಿ, ಇದ್ದಿಲಿನಷ್ಟು ಕಪ್ಪು.

“ಬಸುರಿ ಇದ್ದಾಗ ತಾಯಿಗೆ ಜ್ವರ ಏನಾದ್ರೂ ಬಂದಿತ್ತಾ ಮೇಡಂ?”

“ಬಂದಿತ್ತು ಸಾರ್. ಐದು ದಿನ ಏನೂ ಮುಟ್ಟಿರ್ಲಿಲ್ಲ.”

“ಅದೇ ನೋಡಿ. ಫೀವರ್ ಕೋಟ್ ಅಂತಾರೆ. ತಾಯಿ ಮೈ ಸುಡ್ತಾ ಇದ್ರೆ ಹೊಟ್ಟೇಲಿರೋ ಮರಿ ಕೂದ್ಲಿಗೆ ಬಣ್ಣ ಸರಿಯಾಗಿ ಕೂರಲ್ಲ. ಈಗ ಬೆಳೀತಿರೋದೇ ಅಸಲಿ. ಇನ್ನೊಂದ್ ನಾಕೈದ್ ತಿಂಗ್ಳು ಕಾಯಿರಿ, ಮೂರೂ ಅಪ್ಪ ಅಮ್ಮನ ಥರಾನೇ ಕಪ್ಪಾಗ್ತವೆ.”

ವನಜಾಕ್ಷಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಮೊದಲು ನಗು ಬಂತು. ಗುಬ್ಬಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವವಳು ಅವಳು. ದಿನಕ್ಕೆ ಹತ್ತು ತಲೆಯ ಬೈತಲೆ ತೆಗೆದು, ಬುಡ ನೋಡಿ, ಅಸಲಿ ಬಣ್ಣ ಯಾವುದು, ಹಚ್ಚಿದ್ದು ಯಾವುದು ಎಂದು ಹೇಳುತ್ತಿದ್ದಳು. ತೊಡೆಯ ಮೇಲೇ ಆಡುತ್ತಿದ್ದ ಈ ಮೂರರ ಕೂದಲನ್ನು ಒಂದು ಸಲವಾದರೂ ಬಿಡಿಸಿ ನೋಡಿದ್ದಳೇ? ಆಮೇಲೆ ಆ ಜ್ವರದ ಐದು ದಿನಗಳು ನೆನಪಾದವು. ಸುದ್ದಿ ಕೇಳಿ ತುಮಕೂರಿನಿಂದ ಬಸ್ಸು ಹತ್ತಿ ಮೂರು ಸಲ ಬಂದು, ಸೂಜಿಯಿಲ್ಲದ ಸಿರಿಂಜಿನಲ್ಲಿ ತೊಟ್ಟು ತೊಟ್ಟಾಗಿ ಕೋಳಿ ಸೂಪು ಕುಡಿಸಿ ಕಾಡಿಗೆಯನ್ನು ಉಳಿಸಿದವಳು ಮೆಹರಕ್ಕ. ನಗು ಅಲ್ಲೇ ನಿಂತುಹೋಯಿತು.

ಎರಡು ಮರಿಗಳನ್ನು ಮನೆಯಲ್ಲಿ ಬಿಟ್ಟು, ಒಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಅವಳು ತುಮಕೂರಿನ ಬಸ್ಸು ಹತ್ತಿದಳು.

ಮೆಹರ್ ಬಾನು ಮುಂದಿನ ರೂಮಿನಲ್ಲಿ ಸೀರೆಗೆ ಫಾಲ್ ಹೊಲಿಯುತ್ತಿದ್ದಳು. “ಬಾ” ಎಂದಳಷ್ಟೆ, ಏಳಲಿಲ್ಲ. ವನಜಾಕ್ಷಿ ಮರಿಯನ್ನು ಅವಳ ಮಡಿಲಿಗೆ ಹಾಕಿ ಬೆನ್ನಿನ ಕೂದಲನ್ನು ಬೆರಳಲ್ಲಿ ಬಿಡಿಸಿ ಹಿಡಿದಳು. ಮೆಹರ್ ಬಾನು ಕನ್ನಡಕ ಹಾಕಿಕೊಂಡು ಬಗ್ಗಿದಳು.

“ಕಪ್ಪು!”

“ಹೂಂ ಅಕ್ಕ. ಆ ಜ್ವರದಿಂದ ಹಿಂಗಾಗಿದ್ದಂತೆ, ಡಾಕ್ಟ್ರು ಹೇಳಿದ್ರು. ಸಿಕಂದರ್ ಮರಿಗಳೇ. ತಪ್ಪು ನಂದು.” ವನಜಾಕ್ಷಿ ಫೋನ್ ತೆಗೆದು, ಅಲ್ಲೇ ನಿಂತು, ಗ್ರೂಪಿಗೆ ಮಾತಾಡಿದಳು. “ನಾನು ವನಜಾಕ್ಷಿ. ಮೆಹರಕ್ಕನ ಮೇಲೆ ನಾನು ಹೊರಿಸಿದ್ದು ಸುಳ್ಳು. ಅವರ ಮನೇಲಿ ಯಾವ ಕಿಟಕೀನೂ ತೆಗೆದಿರ್ಲಿಲ್ಲ.” ಅಷ್ಟನ್ನೇ ಕಳಿಸಿದಳು.

ಮೆಹರ್ ಬಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಈ ಎರಡು ತಿಂಗ್ಳಲ್ಲಿ ಆ ಕಿಟಕಿ ಚಿಲಕಾನ ಎಷ್ಟ್ ಸಲ ಎಳೆದೆಳೆದು ನೋಡಿದೀನಿ ಗೊತ್ತೇನೆ? ಎಲ್ಲೋ ಮರೆತು ತೆಗೆದುಬಿಟ್ನೇನೋ ಅಂತ ನಂಗೇ ನನ್ಮೇಲೆ ಅನುಮಾನ ಬಂದಿತ್ತು.” ದೊಡ್ಡದೊಂದು ಉಸಿರು ಬಿಟ್ಟು ಮರಿಯನ್ನು ನೆಲಕ್ಕಿಳಿಸಿದಳು.

ಬೀರುವಿನ ಮೇಲಿಂದ ಸಿಕಂದರ್ ಧೊಪ್ಪನೆ ಹಾರಿತು. ಗತ್ತಿನಿಂದ ಬಂದು ಮರಿಯ ಮೂಗು ಮೂಸಿತು, ಬಾಲ ಮೂಸಿತು, ಮೈಯೆಲ್ಲ ಉಬ್ಬಿಸಿಕೊಂಡು ಬುಸ್ಸೆಂದು, ಬೆನ್ನು ತಿರುಗಿಸಿ ಹೊರಟೇಹೋಯಿತು.

ಮೆಹರ್ ಬಾನು ಬಿದ್ದು ಬಿದ್ದು ನಕ್ಕಳು. “ಹುಟ್ಸಿದ ಅಪ್ಪಂಗೇ ಗುರುತು ಸಿಗ್ಲಿಲ್ಲ ನೋಡೆ. ಇನ್ನು ನಿಂಗೆಲ್ಲಿ ಸಿಗ್ಬೇಕು!”