ಮರಿಗಳ ಮುಂದೆ ಮಾತಾಡಬಾರದು

ಯಾರೋ ಮರಿಗಳ ಜೊತೆ ಮಾತಾಡುತ್ತಿದ್ದರು. ನಿರ್ದೇಶಕರಿಗೆ ಅದು ಖಚಿತವಾಗಿತ್ತು. ಯಾರೆಂಬುದೂ ಹೆಚ್ಚುಕಡಿಮೆ ಖಚಿತವಾಗಿತ್ತು.

"ಬಾಗಿಲು ಹಾಕ್ಕೊಂಡು ಬಾಮ್ಮ," ಎಂದರು.

ಒಳಗೆ ಬಂದವಳು ಮರಿಗಳ ಪಾಲಕಿ. ಹಕ್ಕಿ ಸಾಕುವ ಆ ಕೇಂದ್ರದಲ್ಲಿ ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಬಾಯಿಗೆ ಬೀಗವಿಲ್ಲದ ಹೆಂಗಸನ್ನು ಬಾಯಿ ತೆರೆಯಬಾರದ ಕೆಲಸಕ್ಕೆ ಆರಿಸಿದ್ದು ನೇಮಕಾತಿ ಸಮಿತಿಯ ಜಾಣತನ.

ಕೇಂದ್ರದ ಪಕ್ಕದ ಜೌಗಿನಿಂದ ಕ್ರೌಂಚ ಪಕ್ಷಿಗಳು ಕಣ್ಮರೆಯಾಗಿ ಒಂದು ತಲೆಮಾರು ಕಳೆದಿತ್ತು. ಅವನ್ನು ಮತ್ತೆ ನೆಲೆಗೊಳಿಸಲು ಹೊರಗಿನಿಂದ ಏಳು ಮೊಟ್ಟೆ ತರಿಸಿದ್ದರು, ಏಳೂ ಮರಿಯಾಗಿದ್ದವು. ನಿಯಮ ಒಂದೇ: ಮರಿಗಳಿಗೆ ಮನುಷ್ಯನ ಆಕಾರ ಕಾಣಬಾರದು, ದನಿ ಕೇಳಬಾರದು. ಕೇಳಿದರೆ ಅದನ್ನೇ ತಾಯಿಯೆಂದು ನಂಬಿ ಬೆನ್ನುಹತ್ತುತ್ತವೆ. ಅಂಥ ಹಕ್ಕಿಗೆ ಮೃಗಾಲಯದ ಪಂಜರವೇ ಗತಿ. ಹಾಗಾಗಿ ರೇಡಿಯೋ ತಲೆಯಿಂದ ಪಾದದವರೆಗೆ ಬಿಳಿ ನಿಲುವಂಗಿ ಹೊದ್ದು, ಎತ್ತಿದ ಕೈಗೆ ಕ್ರೌಂಚದ ತಲೆಯ ಗೊಂಬೆ ತೊಟ್ಟು, ತುಟಿ ಬಿಗಿದು ಮರಿಗಳಿಗೆ ಉಣಿಸುತ್ತಿದ್ದಳು. ದಿನವಿಡೀ ತಡೆದ ಮಾತು ಸಂಜೆ ಮನೆಯಲ್ಲಿ ಕಟ್ಟೆಯೊಡೆಯುತ್ತಿತ್ತು. ಅವಳ ಅತ್ತೆ ಕಿವಿಗೆ ಹತ್ತಿ ಇಟ್ಟುಕೊಳ್ಳುವ ರೂಢಿ ಮಾಡಿಕೊಂಡಿದ್ದರು.

ಯೋಜನೆಗೆ ವಿರೋಧವೂ ಇತ್ತು. ಜೌಗನ್ನು ಒಣಗಿಸಿ ನಿವೇಶನ ಮಾಡುವ ಕನಸಿದ್ದ ಜಮೀನುದಾರರ ಸಂಘದ ಅಧ್ಯಕ್ಷರು ಗೇಟಿನ ಮುಂದೆ ಡೇರೆ ಹಾಕಿದ್ದರು. ಒಳಗೆ ಮೊಟ್ಟೆಗಳು, ಹೊರಗೆ ಅಧ್ಯಕ್ಷರು, ಇಬ್ಬರೂ ಒಂದೇ ವಾರದಲ್ಲಿ ಕಾವಿಗೆ ಕೂತರು. ಮೊಟ್ಟೆ ಒಡೆದರೂ ಅಧ್ಯಕ್ಷರು ಏಳಲಿಲ್ಲ. ದಿನಾ ಬೆಳಿಗ್ಗೆ ಮೈಕಿನಲ್ಲಿ ಭಾಷಣ; ಹೋರಾಟ ಎಷ್ಟೇ ಉಗ್ರವಾದರೂ ಮಧ್ಯಾಹ್ನ ಊಟಕ್ಕೆ ಬಿಡುವು. ಸಿಬ್ಬಂದಿಯ ಕಿವಿಗೆ ಆ ಭಾಷಣ ಫ್ಯಾನಿನ ಸದ್ದಿನಂತಾಗಿ ಕೇಳಿಸುವುದೇ ನಿಂತಿತ್ತು. ನಿರ್ದೇಶಕರು ತಮ್ಮ ಕೋಣೆಯ ಕಿಟಕಿ ಮುಚ್ಚಿಸಿ, ಯೋಜನೆಗೆ ಹೊರಗಿನ ಅಡಚಣೆ ಏನೂ ಇಲ್ಲವೆಂದು ಮೇಲಿನವರಿಗೆ ತಿಳಿಸಿದ್ದರು.

ಈಗ ಅವರು ಕಂಪ್ಯೂಟರಿನ ಪರದೆಯನ್ನು ರೇಡಿಯೋ ಕಡೆ ತಿರುಗಿಸಿದರು. ಆವರಣದ ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. ಪ್ರತಿ ಬೆಳಿಗ್ಗೆಯ ದೃಶ್ಯವೂ ಒಂದೇ. ಮರಿಗಳು ಬೇಲಿಗೆ ಒತ್ತಿ ನಿಂತು, ಕತ್ತು ಚಾಚಿ, ಯಾರಿಗೋ ಓಗೊಡುವಂತೆ ಕೊಕ್ಕು ಆಡಿಸುತ್ತಿದ್ದವು. ಪಕ್ಕದಲ್ಲಿ ನೀರಿನ ತೊಟ್ಟಿ ತೊಳೆಯುತ್ತಿದ್ದವಳು ರೇಡಿಯೋ.

"ಯಾರಿಗೆ ಉತ್ತರ ಕೊಡ್ತಿವೆ ಇವು? ಮೊಟ್ಟೇಲಿದ್ದಾಗ್ಲೇ ಕೇಳಿಸುತ್ತೆ ಅವಕ್ಕೆ, ಗೊತ್ತಲ್ವಾ?"

"ನನಗಂತೂ ಅಲ್ಲ ಸಾರ್. ನನ್ನ ಮಾತಿಗೆ ಉತ್ತರ ಕೊಡೋರು ಮನೇಲೂ ಇಲ್ಲ."

ನಿರ್ದೇಶಕರು ನಗಲಿಲ್ಲ. ಪರೀಕ್ಷೆ ಮಾಡುವುದಾಗಿ ಹೇಳಿದರು. ಒಂದು ಮರಿ ಅವಳ ದನಿಗೆ ತಿರುಗಿದರೂ ಅವಳ ಕೆಲಸ ಹೋಯಿತು, ಏಳೂ ಪಂಜರಕ್ಕೆ.

ಮಧ್ಯಾಹ್ನ, ಸುತ್ತಮುತ್ತ ಸಂಪೂರ್ಣ ನಿಶ್ಶಬ್ದವಿದ್ದಾಗ, ಆವರಣದ ಪಕ್ಕ ಪರದೆ ಕಟ್ಟಿಸಿದರು. ಅದರ ಹಿಂದೆ ನಿಂತು ಮೊದಲು ತಾವೇ ಮಾತಾಡಿದರು. ಆಮೇಲೆ ಪಶುವೈದ್ಯ, ಚಾಲಕ, ಕಾವಲುಗಾರ. ಮರಿಗಳು ಬೆದರಿ ದೂರದ ಮೂಲೆ ಸೇರಿದವು.

ಕೊನೆಗೆ ರೇಡಿಯೋ. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಮಾತು ಹೊರಡಲಿಲ್ಲ. ನಿರ್ದೇಶಕರು ಕೆಮ್ಮಿದರು.

"ಬನ್ರೋ, ನಾನೇ ಕಣ್ರೋ," ಎಂದಳು.

ಮರಿಗಳು ಇನ್ನಷ್ಟು ಮುದುರಿಕೊಂಡವು. ಅವಳ ಕೆಲಸ ಉಳಿಯಿತು. ಅವಳು ನಿಲುವಂಗಿಯ ತೋಳಿನಿಂದ ಕಣ್ಣೊರೆಸಿಕೊಂಡದ್ದು ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು. ಈ ಹಕ್ಕಿಗಳಿಗೆ ಯಾವ ಮನುಷ್ಯನ ದನಿಯ ಪರಿಚಯವೂ ಇಲ್ಲವೆಂದು ನಿರ್ದೇಶಕರು ಪ್ರಮಾಣೀಕರಿಸಿದರು.

ಮರಿಗಳ ರೆಕ್ಕೆ ಬಲಿತ ಮೇಲೆ, ಬಿಡುಗಡೆಯ ಬೆಳಿಗ್ಗೆ ಮಂತ್ರಿಗಳು ಬಂದರು. ಅವರ ಹಿಂದೆ ಹಕ್ಕಿಗಳಿಗಿಂತ ಹೆಚ್ಚು ಕ್ಯಾಮೆರಾಗಳು ಬಂದವು. ಬಾಗಿಲು ತೆರೆಯಿತು. ಏಳೂ ಹಕ್ಕಿಗಳು ಓಡಿ, ರೆಕ್ಕೆ ಬಿಚ್ಚಿ, ಜೌಗಿನ ಕಡೆ ಹಾರಿದವು. ಚಪ್ಪಾಳೆ ಬಿತ್ತು. ಪ್ರಕೃತಿಯ ಕರೆಗೆ ಯಾವ ಜೀವಿಯೂ ಕಿವುಡಲ್ಲ ಎಂದು ನಿರ್ದೇಶಕರು ಮಂತ್ರಿಗಳಿಗೆ ವಿವರಿಸುತ್ತಿದ್ದರು.

ಗೇಟಿನಾಚೆ, ತಲೆಗೆ ಬಿಳಿ ಟೋಪಿ, ಮೈಗೆ ಗರಿಗರಿ ಬಿಳಿ ಉಡುಪು ತೊಟ್ಟ ಅಧ್ಯಕ್ಷರು ಎಂದಿನಂತೆ ಒಂದು ಕೈ ಎತ್ತಿ ಮೈಕಿಗೆ ಬಾಯಿಟ್ಟರು.

"ಈ ಹಕ್ಕಿಗಳು ನಮ್ಮ ನೆಲಕ್ಕೆ ಕಾಲಿಡಕೂಡದು!"

ಏಳೂ ಹಕ್ಕಿಗಳು ಆಕಾಶದಲ್ಲೇ ತಿರುಗಿದವು. ಮಂತ್ರಿಗಳ ತಲೆಯ ಮೇಲಿಂದ, ಗೇಟಿನ ಮೇಲಿಂದ ಬಂದು ಡೇರೆಯ ಮುಂದೆ ಇಳಿದವು. ಒಂದನ್ನೊಂದು ನೂಕುತ್ತ ಬಿಳಿ ಉಡುಪಿನ ಮಡಿಲಿಗೆ ತಲೆ ತೂರಿಸಿದವು. ಎತ್ತಿದ ಕೈಯತ್ತ ಕೊಕ್ಕು ತೆರೆದು ತುತ್ತಿಗೆ ಕಾದವು. ಅಧ್ಯಕ್ಷರ ಮಾತು ಅರ್ಧಕ್ಕೇ ನಿಂತಿತು. ಹಕ್ಕಿಗಳು ಕಂಗಾಲಾಗಿ ಕೂಗತೊಡಗಿದವು.

ಗೇಟಿನ ಸರಳು ಹಿಡಿದು ನಿಂತ ರೇಡಿಯೋ ಕಡೆಗೂ ಬಾಯಿ ಬಿಟ್ಟಳು: "ಭಾಷಣ ನಿಲ್ಲಿಸ್ಬೇಡಿ ಸಾರ್. ಮೊಟ್ಟೇಲಿದ್ದಾಗಿಂದ ಕೇಳಿದ ಅಮ್ಮನ ದನಿ ಅದು, ಮಕ್ಕಳು ಹೆದರ್ತಾವೆ."