ಹದಿನಾರು ಪರ್ಸೆಂಟ್

ಅಂಜುಮ್ ಆಪಾ ಮುದಗಲ್ಲಿನಿಂದ ಮೊದಲ ಬಸ್ಸಿಗೇ ಸಿಂಧನೂರಿಗೆ ಬಂದು, ಕೈಚೀಲದಿಂದ ಎರಡು ಲಕ್ಷ ರೂಪಾಯಿ ತೆಗೆದು ನನ್ನ ಮುಂದಿಟ್ಟರು. ಅವರು ನನ್ನ ಹೆಂಡತಿ ಜೈನಾಬೀಯ ಅಕ್ಕ. ನಮ್ಮ ಮದುವೆಯಾದಾಗಿನಿಂದ ನನ್ನನ್ನು ಒಮ್ಮೆಯೂ ಹೊಗಳಿದವರಲ್ಲ.

"ಇದನ್ನೂ ಜೈನಾಬೀದು ಹಾಕಿದಲ್ಲೇ ಹಾಕ್ರಿ ಖಾಜಾಭಾಯ್. ಇಬ್ಬರೂ ಕೂಡಿ ಉಮ್ರಾಕ್ಕ ಹೋಗ್ತೀವಿ."

ನಾನು ಗೋಡೆಗೆ ಒರಗಿ ಆರಾಮಾಗಿ ಕೂತೆ. ಊರವರಿಗೆ ನಾನು ಜಮೀನಿನ ದಲ್ಲಾಳಿ. ಹೋದ ವರ್ಷದಿಂದ ನನ್ನ ಮಟ್ಟಿಗೆ ನಾನು ಷೇರು ಪಂಡಿತ. ತವರಿನ ಪಾಲೆಂದು ಬಂದ ಹಣವನ್ನು ಬ್ಯಾಂಕಿನಲ್ಲಿಡಲು ಜೈನಾಬೀ ಒಪ್ಪಿರಲಿಲ್ಲ. ಬಡ್ಡಿ ಸೇರಿದ ದುಡ್ಡಿನಲ್ಲಿ ಮಕ್ಕಾಕ್ಕೆ ಹೋಗಲಾರೆ ಎಂದಿದ್ದಳು. ಡಿವಿಡೆಂಡ್ ಬಡ್ಡಿಯಲ್ಲ, ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಕೊಡುವ ಪಾಲು ಎಂದು ನಾನೇ ಅವಳ ತಲೆ ತಿಂದು, ಪೈಪು ಮಾಡುವ ಒಂದು ಕಂಪನಿಗೆ ಅಷ್ಟನ್ನೂ ಸುರಿದೆ. ಅದು ಐದು ವರ್ಷ ತಪ್ಪದೆ ಡಿವಿಡೆಂಡ್ ಕೊಟ್ಟ ಕಂಪನಿ.

"ಹೋದ ವರ್ಷ ಡಿವಿಡೆಂಡು ಎಂಟು ಪರ್ಸೆಂಟ್ ಇತ್ತು. ಈಗ ಹದಿನಾರು," ಎಂದೆ. "ನೀವು ತಡ ಮಾಡಿದ್ರಿ ಆಪಾ."

"ಅಂದ್ರ ಜೈನಾಬೀಗೆ ಬರೂ ರೊಕ್ಕ ಡಬಲ್ ಆಗೈತಿ?"

"ಮತ್ತ?"

"ಒಂದು ಷೇರಿಗೆ ಮೊದಲ ಎಷ್ಟ್ ಕೊಡ್ತಿದ್ರು, ಈಗ ಎಷ್ಟ್ ಕೊಡ್ತಾರ?"

ಇದೂ ಒಂದು ಪ್ರಶ್ನೆಯೇ ಎಂದು ಮೊಬೈಲ್ ತೆಗೆದೆ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ನಾನು ನೋಡುತ್ತಿದ್ದುದು ಆ ಪರ್ಸೆಂಟ್ ಒಂದನ್ನೇ. ಷೇರಿನ ಬೆಲೆ ಇಳಿಯುತ್ತಿದ್ದುದೂ ಕಾಣುತ್ತಿತ್ತು, ಆದರೆ ಬೆಲೆಯ ಚಿಂತೆ ಮಾರುವವರಿಗೆ ಇರಲಿ ಎಂದುಕೊಂಡಿದ್ದೆ. ಈಗ ಕೆಳಗೆ ಸರಿಸಿ ಹಳೆಯ ವರ್ಷಗಳನ್ನು ನೋಡಿದೆ. ಈ ವರ್ಷ ಷೇರಿಗೆ ಹದಿನಾರು ರೂಪಾಯಿ. ಹೋದ ವರ್ಷವೂ ಹದಿನಾರು, ಅದರ ಹಿಂದಿನ ವರ್ಷವೂ ಹದಿನಾರು. ಕಂಪನಿ ಒಂದು ಪೈಸೆ ಹೆಚ್ಚು ಕೊಟ್ಟಿರಲಿಲ್ಲ. ಷೇರು ಇನ್ನೂರರಿಂದ ನೂರಕ್ಕೆ ಬಿದ್ದಿತ್ತು. ಅದೇ ಹದಿನಾರು ರೂಪಾಯಿ ಇನ್ನೂರಕ್ಕೆ ಎಂಟು ಪರ್ಸೆಂಟ್, ನೂರಕ್ಕೆ ಹದಿನಾರು. ಜೈನಾಬೀಯ ದುಡ್ಡು ಕರಗಿದಷ್ಟೂ ನಾನು ಮೀಸೆ ತಿರುವುತ್ತಿದ್ದೆ.

ಈ ಆಟ ನನಗೆ ಹೊಸದಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಕಾಲುವೆಯ ಕೊನೆಯಲ್ಲಿ ನೀರು ಬರುವುದು ನಿಂತು, ಬೆಲೆ ಅರ್ಧಕ್ಕಿಳಿದ ಗದ್ದೆಗಳನ್ನು ನಾನು ಮಾರುವುದೇ ಹೀಗೆ. ನೀರಿದ್ದ ಕಾಲದ ಲೀಜಿನ ಹಣ ಹೇಳಿ, ಇಷ್ಟು ಕಡಿಮೆ ಬೆಲೆಗೆ ಇಷ್ಟು ಲೀಜು ಬರುವ ಜಮೀನು ಇನ್ನೆಲ್ಲಿ ಸಿಗುತ್ತದೆ ಎನ್ನುತ್ತೇನೆ. ಈ ಮಾತಿಗೆ ಬಿದ್ದವರನ್ನು ನೆನೆಸಿಕೊಂಡು ಮಸ್ಕಿಯ ಹೋಟೆಲಿನಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದೇನೆ.

ಅಷ್ಟರಲ್ಲಿ ಜೈನಾಬೀ ಚಹಾ ತಂದು ಅಕ್ಕನ ಪಕ್ಕದಲ್ಲಿ ಕೂತಳು. "ನನ್ನ ಪಾಸ್‌ಪೋರ್ಟ್ ಬಂದೈತಿ ಆಪಾ, ನೋಡ್ತೀ ಏನು?" ಎಂದಳು. ಎರಡು ಲಕ್ಷ ನನ್ನ ಮುಂದೆಯೇ ಇತ್ತು. ಅದನ್ನೂ ಹಾಕಿಬಿಟ್ಟರೆ ಇನ್ನಷ್ಟು ದಿನ ಪಂಡಿತನಾಗಿಯೇ ಇರಬಹುದಿತ್ತು. ಹಣವನ್ನು ಆಪಾ ಕಡೆಗೆ ಸರಿಸಿದೆ.

"ಬ್ಯಾಡ ಆಪಾ. ಡಬಲ್ ಆಗಿಲ್ಲ. ಷೇರಿನ ರೇಟು ಅರ್ಧಕ್ಕ ಬಂದೈತಿ, ಅದಕ್ಕ ಪರ್ಸೆಂಟ್ ದೊಡ್ಡದು ಕಾಣಾಕತ್ತೈತಿ. ಮುಂದಿನ ವರ್ಷ ಅಷ್ಟಾದ್ರೂ ಕೊಡ್ತಾರೋ ಇಲ್ಲೋ. ನಾ ಏನೂ ಶ್ಯಾಣ್ಯಾ ಅಲ್ಲ."

ಆಪಾ ನನ್ನನ್ನು ದಿಟ್ಟಿಸಿ ನೋಡಿ ತಂಗಿಯ ಕಡೆಗೆ ತಿರುಗಿದರು. "ನೋಡಿದಿ? ಲಾಭ ಹೆಚ್ಚಾದ ಕೂಡ್ಲೇ ನಮ್ಮನ್ನ ಹೊರಗ ಇಡಾಕತ್ತಾನ ನಿನ್ನ ಗಂಡ."

ಜೈನಾಬೀ ಮಾತ್ರ ನಂಬಿದಳು. ಶ್ಯಾಣ್ಯಾ ಅಲ್ಲ ಎಂಬ ಮಾತನ್ನು ಇಷ್ಟು ವರ್ಷದಲ್ಲಿ ಅವಳು ನನ್ನ ಬಾಯಿಂದ ಕೇಳಿರಲಿಲ್ಲ.

"ನನ್ನ ರೊಕ್ಕ ಈಗ ಎಷ್ಟ್ ಉಳದೈತ್ರಿ?"

"ಅರ್ಧ."

ಅವಳು ಸಿಟ್ಟಾಗಲಿಲ್ಲ. ಕಪ್ಪನ್ನು ಕೆಳಗಿಟ್ಟಳು.

"ಹೋಗಾಕ ಅಷ್ಟು ಸಾಕು," ಎಂದಳು. "ವಾಪಸ್ ಬರೂ ವಿಚಾರ ಅಲ್ಲೇ ಹೋಗಿ ಮಾಡ್ತೀನಿ."