ಎರಡನೇ ಸೂಜಿ

ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಆರು ತಿಂಗಳಿಗೆ ಚಂಪಕ್ಕ ಧಾರವಾಡದ ಕಸೂತಿ ಕೇಂದ್ರಕ್ಕೆ ಮರಳಿದಳು. ಕೈ ಸೋತವರಿಗೆಲ್ಲ ಕೊಡುವಂತೆ ಅವಳಿಗೂ ಅವಳದೇ ಹಳೆಯ ಕೈಯನ್ನು ಕೊಟ್ಟರು: ಮೂವತ್ತರ ಹರೆಯದಲ್ಲಿ ಅವಳ ಬೆರಳುಗಳು ಆಡಿದ್ದನ್ನೆಲ್ಲ ನೆನಪಿಟ್ಟುಕೊಂಡಿದ್ದ ತೆಳು ಕೈಗವಸು.

ತೊಟ್ಟ ಕೂಡಲೇ ಸತ್ತಂತಿದ್ದ ಬೆರಳುಗಳು ಎದ್ದವು. ಸೀರೆಯ ಎಳೆ ಎಣಿಸಿ, ಎಲ್ಲೂ ಗಂಟು ಹಾಕದೆ ಗೋಪುರದ ಚಿತ್ತಾರ ಎಬ್ಬಿಸತೊಡಗಿದವು. ಆದರೆ ದಾರ ಮುಗಿದಾಗಲೆಲ್ಲ ಆ ಕೈ ಎರಡು ಸೂಜಿ ಪೋಣಿಸಿ, ಒಂದನ್ನು ಎಡಕ್ಕೆ ಚಾಚಿ, ಯಾರೋ ತೆಗೆದುಕೊಳ್ಳಲೆಂದು ಕದಲದೆ ನಿಲ್ಲುತ್ತಿತ್ತು.

ಕೈಗವಸು ಹೊಂದಿಸುವ ವಿನುತಾಳ ಮುಖ ಸಣ್ಣಗಾಯಿತು. "ಅಕ್ಕಾರ, ಸಂಜೀಮಟ ಐದು ಗೋಪುರ ಆಗಲಿಲ್ಲಂದ್ರ ನಿಮ್ಮನ್ನ ಕೆಲಸಕ್ಕ ಇಟ್ಕೊಳ್ಳಂಗಿಲ್ಲ. ಈ ಎರಡನೇ ಸೂಜಿ ಸುಮ್ನ ದಂಡ. ಕೈಗವಸಿನ ನೆನಪಿಂದ ಅಳಿಸಿಬಿಡ್ಲೇನ್ರಿ?"

ಚಂಪಕ್ಕನ ಎಡಕ್ಕೆ ಖಾಲಿ ಚಾಪೆಯಿತ್ತು. ಹಿಂದೆ ಅಲ್ಲಿ ಮುದುಕಿ ಫಕೀರವ್ವ ಕೂರುತ್ತಿದ್ದಳು. ಕಣ್ಣು ಮಂಜಾದರೂ ಬೆರಳಲ್ಲೇ ಎಳೆ ಎಣಿಸುತ್ತಿದ್ದಳು; ಸೂಜಿಗೆ ದಾರ ಏರಿಸುವುದೊಂದು ಮಾತ್ರ ಆಗುತ್ತಿರಲಿಲ್ಲ. ಗೊತ್ತಾದರೆ ಅವಳನ್ನು ಮನೆಗೆ ಕಳಿಸುತ್ತಾರೆಂದು ಚಂಪಕ್ಕ ಹನ್ನೊಂದು ವರ್ಷ ಗುಟ್ಟಾಗಿ ಪೋಣಿಸಿಕೊಟ್ಟಿದ್ದಳು. ಪ್ರತಿ ಸಲವೂ ಫಕೀರವ್ವ "ಕೊಡವ್ವಾ ನನ್ನ ತಾಯಿ" ಎಂದು ಅಂಗೈ ಒಡ್ಡುತ್ತಿದ್ದಳು.

"ಅದನ್ನ ಮುಟ್ಟಬ್ಯಾಡ ತಂಗಿ," ಎಂದಳು ಚಂಪಕ್ಕ. "ಐದು ಗೋಪುರ ನಾ ಮುಗಸ್ತೀನಿ."

ಮತ್ತೆ ದಾರ ಮುಗಿಯಿತು. ಹರೆಯದ ಆ ಕೈ ಸೂಜಿ ಹಿಡಿದು ಎಡಕ್ಕೆ ಚಾಚಿ ಕಾಯತೊಡಗಿತು. ಚಂಪಕ್ಕ ತನ್ನ ಮುಪ್ಪಿನ ಎಡಗೈಯನ್ನು ಅದರ ಮುಂದೆ ಒಡ್ಡಿದಳು.

"ಕೊಡವ್ವಾ ನನ್ನ ತಾಯಿ."